ಪೇಟೆಯ ಪೇಟ

ಹೆಸರು ಹೇಳಿದರೆ ಜಗಳಕ್ಕೆ ಬರುತ್ತಾರೆ, ಒಂದು ಊರು ಎಂದಿಟ್ಟುಕೊಳ್ಳಿ. ಅಲ್ಲಿನ ಪೇಟೆಯಲ್ಲಿ ಟೋಪಿ ಮಾರುತ್ತಿದ್ದವನು ಕರಡಿಯಪ್ಪ ಒಬ್ಬನೇ. ಎಲ್ಲವನ್ನೂ ತನ್ನ ತಲೆಯ ಅಳತೆಗೇ ಹೊಲಿಯುತ್ತಿದ್ದ. ಹೋತನ ಕೊಂಬಿಗೆ ಸಿಕ್ಕಿಕೊಂಡರೂ, ಹುಂಜದ ಕಣ್ಣು ಮುಚ್ಚಿದರೂ ಅವನದು ಒಂದೇ ಮಾತು: "ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ." ಪೇಟೆಯ ಯಜಮಾನನೂ ಅವನೇ. ಯಜಮಾನಿಕೆಯ ಜರಿಪೇಟ ಅವನ ತಲೆ ಬಿಟ್ಟು ಇಳಿದದ್ದಿಲ್ಲ.

ಎದುರು ಮೂಲೆಯಲ್ಲಿ ಚಿಕ್ಕತಾಯಮ್ಮ ಎಂಬ ಅಳಿಲು ಅಂಗಡಿಯಿಟ್ಟಳು. ಯುಗಾದಿಯೊಳಗೆ ಗಿರಾಕಿ ಕೂಡದಿದ್ದರೆ ಜಾಗ ಬಿಡಬೇಕು ಎಂಬುದು ಪೇಟೆಯ ಕಟ್ಟಳೆ. ಇದ್ದ ಗೂಡನ್ನೂ ಮಾರಿ ಬಂದವಳಿಗೆ ಹಿಂದಿರುಗಲು ಒಂದು ಕೊಂಬೆಯೂ ಉಳಿದಿರಲಿಲ್ಲ.

"ನಾನು ಟೋಪಿ ಹೊಲಿಯೋಳು, ಟೋಪಿ ಹಾಕೋಳಲ್ಲ!" ಎಂದು ಎಷ್ಟು ಕೂಗಿದರೂ ಬಂದವನು ಹೋತ ಒಬ್ಬನೇ. ಅವನ ಟೋಪಿಯೂ ಮೊದಲ ದಿನವೇ ಹರಿಯಿತು. ಚಿಕ್ಕತಾಯಮ್ಮನಿಗೆ ಅಳು ಬಂತು. ಅತ್ತು ಮುಗಿಸಿ ಕೇಳಿದಳು:

"ಎಲ್ಲಿ ಒತ್ತುತ್ತೆ, ಮಾವ?"

"ಎಡಗೊಂಬಿನ ಬುಡದಲ್ಲಿ, ತಾಯಿ."

ಅಲ್ಲೊಂದು ತೂತು ಮಾಡಿದಳು. ಮರುದಿನ ಅದನ್ನು ರಾಗಿಕಾಳಿನಷ್ಟು ಹಿಗ್ಗಿಸಿದಳು. ಅದನ್ನು ನೋಡಿ ಬಂದ ಹುಂಜದ ಜುಟ್ಟಿಗೊಂದು ಸೀಳು, ಆಮೇಲೆ ಬಂದ ಕತ್ತೆಯ ಕಿವಿಗೆ ಎರಡು ಕಿಂಡಿ. ದಿನಕ್ಕೊಂದೇ ತಿದ್ದುಪಡಿ, ಆದರೆ ಒಂದು ದಿನವೂ ತಪ್ಪಿಸಲಿಲ್ಲ.

"ನೂಲೆಳೆಯಷ್ಟು ಕೆಲಸಕ್ಕೆ ಏನು ಗಡಿಬಿಡಿ ಇವಳದ್ದು!" ಎಂದು ಕರಡಿಯಪ್ಪ ಹೊಟ್ಟೆ ಹಿಡಿದು ನಕ್ಕ. ಹನಿಹನಿ ಕೂಡಿದರೆ ಹಳ್ಳ ಎಂಬುದು ಅವನಿಗೂ ಗೊತ್ತಿತ್ತು. ಆ ಹಳ್ಳ ತನ್ನ ಅಂಗಡಿಗೇ ನುಗ್ಗುತ್ತದೆ ಎಂದು ಮಾತ್ರ ಗೊತ್ತಿರಲಿಲ್ಲ.

ಯುಗಾದಿ ಬಂದಾಗ ಅಳಿಲಿನ ಅಂಗಡಿಯ ಸಾಲು ಬೀದಿಯ ತಿರುವು ದಾಟಿತ್ತು. ಊರವರು ಕರಡಿಯಪ್ಪನ ತಲೆಯಿಂದ ಜರಿಪೇಟ ತೆಗೆದು ಅವಳಿಗೇ ತೊಡಿಸಿದರು. ಪೇಟ ಜಾರಿ ಅವಳ ಕಣ್ಣು, ಕಿವಿ ಎರಡನ್ನೂ ಮುಚ್ಚಿತು.

"ಎರಡು ಹೊಲಿಗೆ ಹಾಕಿ ಚಿಕ್ಕದು ಮಾಡ್ಕೊ, ತಾಯಿ," ಎಂದ ಹೋತ.

"ಅಯ್ಯೋ, ಯಜಮಾನಿಕೆಯ ಪೇಟಕ್ಕೆ ಸೂಜಿ ಚುಚ್ಚೋದೇ? ನಾನೇ ಸ್ವಲ್ಪ ಅಡ್ಜಸ್ಟ್ ಮಾಡ್ಕೋತೀನಿ ಬಿಡಿ."

ಮರುವಾರ ಕತ್ತೆ ಬಂದು ಅವಳ ಮುಂದೆ ನಿಂತ. "ಹೊಸ ಟೋಪೀಲಿ ಕಿವಿ ಮಡಚ್ಕೊಳ್ತಿದೆ, ಚಿಕ್ಕತಾಯಮ್ಮ!" ಎಂದು ಎರಡು ಸಲ ಕೂಗಿ ಹೇಳಿದ.

ಪೇಟದ ಒಳಗಿನಿಂದ ಉತ್ತರ ಬಂತು: "ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ."

ಕತ್ತೆ ಟೋಪಿ ಕಳಚಿಕೊಂಡು ಬೀದಿ ದಾಟಿದ. ಎದುರಂಗಡಿಯಲ್ಲಿ ಬರಿ ತಲೆಯಲ್ಲಿ ಕೂತಿದ್ದ ಕರಡಿಯಪ್ಪ ಎದ್ದು ನಿಂತ. ಸೂಜಿಗೆ ದಾರ ಪೋಣಿಸುತ್ತ ಕೇಳಿದ:

"ಎಲ್ಲಿ ಒತ್ತುತ್ತೆ, ಭಾವ?"