ರೋಬೋಟಿಗೆ ಹೊಲಿದ ತೋಳು

ಆಸ್ಪತ್ರೆಯ ಹೊಲಿಗೆ ಕೋಣೆಯಲ್ಲಿ ನನ್ನ ಕೆಲಸ. ಡಾಕ್ಟರುಗಳ ಗೌನು, ರೋಗಿಗಳ ಹೊದಿಕೆ, ಈಚೆಗೆ ಆಪರೇಷನ್ ಮಾಡುವ ರೋಬೋಟಿನ ನಾಲ್ಕು ಕೈಗಳಿಗೂ ಬಟ್ಟೆಯ ತೋಳು. ಆ ರೋಬೋಟು ತಾನೇ ಕೊಯ್ದು ತಾನೇ ಹೊಲಿಯುತ್ತದೆ. ಡಾಕ್ಟರಮ್ಮ ಪಕ್ಕದಲ್ಲಿ ನಿಂತು ನೋಡಿಕೊಳ್ಳುತ್ತಾರೆ. ಕಂಪನಿಯವರು ಕೊಟ್ಟ ತೋಳುಗಳು ಜೋಲಾಡುತ್ತಿದ್ದವು. ಅಂದವಾಗಿ ಕೂರಲೆಂದು ನಾನು ಎರಡು ಬೆರಳಿನಷ್ಟು ಒಳಗೆ ಹಿಡಿದು ಹೊಸವನ್ನು ಹೊಲಿದುಕೊಟ್ಟಿದ್ದೆ.

ಅವನ್ನು ತೊಡಿಸಿದ ದಿನವೇ ನನ್ನ ಚಿಕ್ಕಮ್ಮನ ಪಿತ್ತಕೋಶದ ಆಪರೇಷನ್. ಎರಡು ತಿಂಗಳಿಂದ ನೋವು ನುಂಗಿಕೊಂಡು ಸರದಿ ಕಾದಿದ್ದಳು. ರೋಗಿಯನ್ನು ಒಳಗೆ ಕರೆಯುವ ಮೊದಲು ರೋಬೋಟು ರಬ್ಬರಿನ ಹೊಟ್ಟೆಯ ಮೇಲೆ ಒಮ್ಮೆ ಕೈಯಾಡಿಸಿ ತೋರಿಸಬೇಕು. ಅಂದು ಮೂರು ಸಲವೂ ಅರ್ಧಕ್ಕೇ ನಿಂತು ಕೆಂಪು ದೀಪ ಹೊತ್ತಿಸಿತು.

ಬಾಗಿಲ ಹೊರಗೆ ತಳ್ಳುಮಂಚದಲ್ಲಿ ಮಲಗಿದ್ದ ಚಿಕ್ಕಮ್ಮ ನನ್ನನ್ನು ಕರೆದಳು. "ಏನೇ, ನಿಮ್ಮ ರೋಬೋಟು ನನ್ನ ಹೊಟ್ಟೆ ನೋಡಿ ಹೆದರ್ಕೊಳ್ತಾ?"

"ಇನ್ನೂ ನೋಡೇ ಇಲ್ಲ ಚಿಕ್ಕಮ್ಮ."

"ಹಾಗಾದ್ರೆ ಮುಂದೈತೆ ಅದಕ್ಕೆ!" ಎಂದಳು. ನಕ್ಕರೂ ಕೈ ಪಕ್ಕೆಯನ್ನು ಒತ್ತಿ ಹಿಡಿದಿತ್ತು.

ಒಳಗೆ ಟೆಕ್ನಿಷಿಯನ್, "ಪ್ರೋಗ್ರಾಮಲ್ಲೇ ಏನೋ ಆಗಿದೆ ಮೇಡಂ. ಮುಂದಿನ ತಿಂಗಳಿಗೆ ಹಾಕ್ಬಿಡೋಣ" ಎನ್ನುತ್ತಿದ್ದ.

ನಾನು ಗಾಜಿನಾಚೆಯಿಂದ ಮೂರು ಸಲವೂ ನೋಡಿದ್ದೆ. ಮೂರನೆಯ ಕೈ ಮೊಣಕೈ ಮಡಚಿ ಮೇಲೇಳುವಾಗಲೇ ನಿಲ್ಲುತ್ತಿತ್ತು. ಅಲ್ಲಿ ಬಟ್ಟೆ ಬಿಗಿದು ಹೊಳೆಯುತ್ತಿತ್ತು. ನಾನು ಒಳಗೆ ಹಿಡಿದದ್ದು ಅಲ್ಲೇ. ಹೇಳಿದರೆ ಕೆಲಸ ಹೋದೀತು. ಹೇಳದಿದ್ದರೆ ಚಿಕ್ಕಮ್ಮ ಇನ್ನೊಂದು ತಿಂಗಳು ಹೀಗೇ. ಮಾಸ್ಕ್ ಕಟ್ಟಿಕೊಂಡು ಬಾಗಿಲು ತಳ್ಳಿದೆ.

"ತಪ್ಪು ನಂದು ಮೇಡಂ. ತೋಳು ಬಿಗಿಯಾಗಿದೆ."

ಟೆಕ್ನಿಷಿಯನ್ ನಕ್ಕ. "ಇದೇನಮ್ಮ, ಮಗು ಫ್ರಾಕಾ?"

"ಕೈ ಎತ್ತೋಕಾಗ್ದಿದ್ರೆ ಮಗುವಾದ್ರೇನು, ರೋಬೋಟಾದ್ರೇನು! ಬಿಚ್ಚಪ್ಪ ಅದನ್ನ" ಎಂದರು ಡಾಕ್ಟರಮ್ಮ.

ಹಳೆಯ ಜೋಲು ತೋಳುಗಳನ್ನೇ ತೊಡಿಸಿದರು. ಮೂರನೆಯ ಕೈ ಸಲೀಸಾಗಿ ಮೇಲೆದ್ದಿತು. ಹಸಿರು ದೀಪ.

ಡಾಕ್ಟರಮ್ಮ ನನ್ನ ಕಡೆ ತಿರುಗಿದರು. "ನಾನಾಗಿದ್ರೆ ಬಿಗಿ ಗೌನಲ್ಲೇ ಹಲ್ಲು ಕಚ್ಚಿ ಮುಗಿಸ್ತಿದ್ದೆ. ಇದು ಆಗಲ್ಲ ಅಂತ ನಿಂತ್ಕೊಳ್ತು. ನೀನೂ ಬಂದು ಬಾಯ್ಬಿಟ್ಟೆ. ಇಬ್ರೂ ಕೆಲಸದಲ್ಲಿರಿ. ಸೋಮವಾರ ಅದರ ಅಳತೆ ತಗೋ, ಕೈ ಮಡಚಿಸಿ."

ಮರುದಿನ ನರ್ಸಕ್ಕ ಗಾಯದ ಪಟ್ಟಿ ಬದಲಿಸುವಾಗ ಚಿಕ್ಕಮ್ಮ ಕತ್ತೆತ್ತಿ ತನ್ನ ಹೊಟ್ಟೆಯನ್ನು ಪರೀಕ್ಷಿಸಿದಳು.

"ನಿನ್ನ ಹೊಲಿಗೆಗಿಂತ ನೀಟಾಗಿದೆ ಕಣೇ."

"ಅದಕ್ಕೆ ನಾಲ್ಕು ಕೈ ಚಿಕ್ಕಮ್ಮ, ನಂಗೆ ಎರಡೇ."

"ಅಯ್ಯೋ, ನಗಿಸ್ಬೇಡ್ವೇ, ನೋಯತ್ತೆ!" ಎಂದು ಅವಳು ಹೊಟ್ಟೆ ಹಿಡಿದುಕೊಂಡು ನಗತೊಡಗಿದಾಗ, ನರ್ಸಕ್ಕ ನನ್ನ ಭುಜ ಹಿಡಿದು ಹೊರಗೆ ಕಳಿಸಿದಳು.