ಮಗುವಿನ ಎತ್ತರದ ಬಾಗಿಲು

ಶಾಲೆಯ ಉಚಿತ ಬಸ್ಸು ಇನ್ನು ಮೂರು ಕಿಲೋಮೀಟರಿಗಿಂತ ದೂರದ ಮಕ್ಕಳಿಗೆ ಮಾತ್ರ ಎಂದು ಪುರಸಭೆ ತೀರ್ಮಾನಿಸಿತು. ಗಾರೆ ಕೆಲಸದವನ ಮನೆ ಆ ಗಡಿಯಿಂದ ತುಸು ಈಚೆಗೆ ಬಿತ್ತು. ಅದೇ ಕಟ್ಟಡದ ಹಿಂಭಾಗದಲ್ಲಿದ್ದ ಅವನ ತಮ್ಮನ ಮನೆ ಆಚೆಗೆ ಉಳಿಯಿತು.

ತಂದೆ ತೀರಿಕೊಂಡ ಮೇಲೆ ಮನೆ ಎರಡಾಗಿತ್ತು. ಅಣ್ಣನ ಬಾಗಿಲು ಮುಂದಿನ ಬೀದಿಗೆ. ದರ್ಜಿಯಾದ ತಮ್ಮನ ಬಾಗಿಲು ಹಿಂದಿನ ಓಣಿಗೆ. ಓಣಿಯಿಂದ ಹೊರಟವರು ರೈಲು ಹಳಿಗಳನ್ನು ಸುತ್ತಿಕೊಂಡು ಹೋಗಬೇಕು, ಆದ್ದರಿಂದ ದೂರ. ನಡುವಿನ ಗೋಡೆಯನ್ನು ಅಣ್ಣನೇ ಕಟ್ಟಿದ್ದ. ಅದು ಒಂದು ನೂಲಿನಷ್ಟೂ ವಾಲಿರಲಿಲ್ಲ. ಗೋಡೆ ಎದ್ದ ದಿನದಿಂದ ತಮ್ಮ ಅವನೊಡನೆ ಮಾತು ಬಿಟ್ಟಿದ್ದ.

ಮಕ್ಕಳು ಬಿಟ್ಟಿರಲಿಲ್ಲ. ಇಬ್ಬರ ಹೆಣ್ಣುಮಕ್ಕಳೂ ಬಸ್ಸಿನಲ್ಲಿ ಒಂದೇ ಸೀಟಿನಲ್ಲಿ ಕೂರುತ್ತಿದ್ದರು. ಶಾಲೆಯಲ್ಲಿ ತರಗತಿ ಬೇರೆ, ಬಿಡುವಿನ ಹೊತ್ತು ಬೇರೆ. ಮಾತಿಗೆ ಇದ್ದದ್ದು ಆ ಸೀಟು ಒಂದೇ. ಚಿಕ್ಕಪ್ಪನಿಗೆ ಕನ್ನಡಕ ಬಂತು, ಚಿಕ್ಕಪ್ಪ ಹಲ್ಲು ಕೀಳಿಸಿಕೊಂಡರು ಎಂದು ಮಗಳು ಸಂಜೆ ಹೇಳುವಾಗ ಗಾರೆಯವನು ಕೇಳದವನಂತೆ ಕೂತು ಕೇಳುತ್ತಿದ್ದ. ಮಗಳಿಗೆ ಬಸ್ಸು ನಿಂತ ಮೇಲೆ ಆ ಸುದ್ದಿಯೂ ನಿಂತಿತು.

ಹೆಂಡತಿ ಆಸ್ಪತ್ರೆಯ ಬೆಳಗಿನ ಪಾಳಿಗೆ ಹೋಗುವವಳು. ಲಾರಿಗಳು ಓಡುವ ರಸ್ತೆಯ ಅಂಚಿನಲ್ಲಿ ಮಗಳ ಕೈಹಿಡಿದು ಅವನೇ ನಡೆದ. ಬಸ್ಸು ಅವರನ್ನು ದಾಟಿ ಹೋಗುವಾಗ ತಮ್ಮನ ಮಗಳು ಗಾಜಿಗೆ ಮೂಗು ಒತ್ತಿ ಹಿಂದಕ್ಕೆ ನೋಡುತ್ತಿದ್ದಳು. ಮಗಳು ಕೈಬೀಸುತ್ತಿದ್ದಳು. ಅವನೂ ಬೀಸುತ್ತಿದ್ದ.

"ಬಂದ್ರಾ ಸಾಹೇಬ್ರು?" ಎನ್ನುತ್ತಿದ್ದ ಮೇಸ್ತ್ರಿ, ಕೆಲಸಕ್ಕೆ ತಡವಾಗಿ ಬಂದವನಿಗೆ. "ಸಿಮೆಂಟು ನಿಮ್ಮ ದಾರಿ ಕಾದೂ ಕಾದೂ ಕಲ್ಲಾಗಿದೆ."

ಒಂದು ದಿನ ಅವನು ಪುರಸಭೆಗೆ ಹೋಗಿ ಗುಮಾಸ್ತನ ಮುಂದೆ ನಿಂತ.

"ಒಂದೇ ಮನೆ, ಸಾರ್. ಮಧ್ಯೆ ಒಂದು ಗೋಡೆ, ಅಷ್ಟೇ."

"ಹಾಗಾದ್ರೆ ಗೋಡೇನ ಕೇಳ್ರಿ, ನನ್ನನ್ಯಾಕೆ ಕೇಳ್ತೀರಿ? ಮಗು ಯಾವ ಬಾಗಿಲಿಂದ ಹೊರಡುತ್ತೋ ಅಲ್ಲಿಂದ ಅಳೀತೀವಿ. ಹಿಂದಿನಿಂದ ಹೊರಟ್ರೆ ಬಸ್ಸು. ಮುಂದಿನಿಂದ ಹೊರಟ್ರೆ ಕಾಲು."

ಅಂದೇ ಸಂಜೆ ಗಾರೆಯವನು ಬೀದಿ ಸುತ್ತಿ ಓಣಿಗೆ ಬಂದ. ತಮ್ಮ ಹೊಲಿಗೆ ಯಂತ್ರದಿಂದ ತಲೆ ಎತ್ತಲಿಲ್ಲ. ತಮ್ಮನ ಹೆಂಡತಿ ಸ್ಟೂಲು ಎಳೆದಳು.

"ಕೂತ್ಕೊಳ್ಳಿ ಭಾವ."

ಅವನು ಕೂರಲಿಲ್ಲ. ಗೋಡೆಯಲ್ಲಿ ಒಂದು ಬಾಗಿಲು ತೆಗೆದರೆ ಮಗಳು ಈ ಕಡೆಯಿಂದ ಬಸ್ಸು ಹತ್ತಬಹುದು ಎಂದು ಹೇಳಿ ಮುಗಿಸಿದ. ತಮ್ಮ ಹಲ್ಲಿನಲ್ಲಿ ದಾರ ಕಡಿದ.

"ಅಳೆದು ಕಟ್ಟಿದ್ದು ಯಾರು?"

"ನಾನೇ. ಅಳತೆ ತಪ್ಪಿರಲಿಲ್ಲ."

"ತಪ್ಪಿತ್ತು ಅಂತ ಯಾರಂದ್ರು? ನಾನೂ ಟೇಪು ಹಿಡಿದು ಬದುಕೋನೇ. ಆದ್ರೆ ಹೊಲಿಗೆ ಒಳಗೆ ಒಂದಿಂಚು ಬಟ್ಟೆ ಬಿಟ್ಟಿರ್ತೀನಿ, ನಾಳೆ ಮೈ ಬಂದ್ರೆ ಬಿಚ್ಚಿಕೊಳ್ಳಲಿ ಅಂತ. ನೀನು ಅದನ್ನೂ ಬಿಡಲಿಲ್ಲ."

"ನಿಮ್ಮಿಬ್ಬರ ಟೇಪಿಗೆ ಬೆಂಕಿ ಬೀಳ," ಎಂದಳು ತಮ್ಮನ ಹೆಂಡತಿ. "ಮಗು ಏನು ಮಾಡ್ತು?"

ಯಂತ್ರದ ಚಕ್ರ ಅರ್ಧ ಸುತ್ತು ತಿರುಗಿ ನಿಂತಿತು.

"ಮಗು ಬರ್ಲಿ. ಮಗು ಮಾತ್ರ. ಅದರ ಎತ್ತರಕ್ಕೆ ಎಷ್ಟು ಬೇಕೋ ಅಷ್ಟೇ ಒಡಿ."

ಇಷ್ಟು ಮಾತಿನಲ್ಲಿ 'ಅಣ್ಣ' ಎಂಬುದು ಒಮ್ಮೆಯೂ ಬರಲಿಲ್ಲ. ಗಾರೆಯವನು ಅದಕ್ಕಾಗಿ ಹೊಸ್ತಿಲ ಬಳಿ ಇನ್ನೂ ಸ್ವಲ್ಪ ನಿಂತ. ಆಮೇಲೆ ಹೊರಟುಹೋದ.

ರಜೆಯ ದಿನ ಮಗಳನ್ನು ಗೋಡೆಗೆ ನಿಲ್ಲಿಸಿ ನೆತ್ತಿಯ ಮೇಲೆ ಸೀಮೆಸುಣ್ಣದ ಗೆರೆ ಎಳೆದ, ಅಲ್ಲಿಯವರೆಗೆ ಒಡೆದ. ಪುರಸಭೆಯವನು ಬಂದು ನೋಡಿ, ನಕ್ಕು, ಬರೆದುಕೊಂಡು ಹೋದ. ಮಗಳಿಗೆ ಸೀಟು ಮರಳಿತು.

ಅವಳನ್ನು ಆಚೆಗೆ ಕಳುಹಿಸಿದ ಮೇಲೂ ಗಾರೆಯವನು ಕಂಡಿಯ ಬಳಿ ನಿಲ್ಲುತ್ತಿದ್ದ. ನಿಂತವನಿಗೆ ಕಾಣುತ್ತಿದ್ದದ್ದು ಯಂತ್ರದ ಪೆಡಲು ಮತ್ತು ಅದರ ಮೇಲೆ ತಮ್ಮನ ಎರಡು ಪಾದ. ಬಗ್ಗಿದರೆ ಮುಖ ಕಾಣುತ್ತಿತ್ತು. ಮಗು ಮಾತ್ರ ಎಂದು ಒಪ್ಪಿದ್ದರಿಂದ ಬಗ್ಗಲಿಲ್ಲ. ಹಿಮ್ಮಡಿ ಒಡೆದಿದ್ದವು. ಎಡಗಾಲು ಈಗೀಗ ನಿಧಾನ. ಚಿಕ್ಕಂದಿನಲ್ಲಿ ಒಂದೇ ಹೊದಿಕೆಯೊಳಗೆ ಈ ಪಾದಗಳನ್ನೇ ತಮ್ಮ ಇವನ ಮೀನಖಂಡಕ್ಕೆ ಒತ್ತಿ ಬೆಚ್ಚಗೆ ಮಾಡಿಕೊಳ್ಳುತ್ತಿದ್ದ. 'ಥೂ, ಮಂಜುಗಡ್ಡೆ' ಎಂದು ಇವನು ಬೈಯುತ್ತಿದ್ದ. ಕಾಲು ಮಾತ್ರ ಎಳೆದುಕೊಳ್ಳುತ್ತಿರಲಿಲ್ಲ.

ಒಂದು ಬೆಳಿಗ್ಗೆ ಮಗಳಿಗೆ ಜ್ವರ ಬಂತು. ಓಣಿಯಲ್ಲಿ ಬಸ್ಸಿನ ಹಾರನ್ನು ಕೇಳಿಸಿತು. ಪೆಡಲು ನಿಂತಿತು. ಪಾದಗಳು ಎದ್ದು ಕಂಡಿಯವರೆಗೆ ಬಂದವು.

"ಮಗು?"

"ಜ್ವರ. ಇವತ್ತು ಬರಲ್ಲ."

ಬಸ್ಸು ಹೊರಟುಹೋಯಿತು. ಪಾದಗಳು ಹೋಗಲಿಲ್ಲ.

"ಔಷಧಿ ಕೊಟ್ಟಿದೀಯಾ?"

"ಕೊಟ್ಟಿದೀನಿ. ಮಲಗಿದಾಳೆ."

"ಹಣೆಗೆ ಒದ್ದೆ ಬಟ್ಟೆ ಹಾಕು. ಹೊಸಾದಲ್ಲ, ಹಳೇ ಹತ್ತಿ ಬಟ್ಟೆ."

"ಹೂಂ."

ಹೇಳಲು ಇನ್ನೇನೂ ಉಳಿದಿರಲಿಲ್ಲ, ಕೇಳಲು 'ಅಣ್ಣ' ಎಂಬ ಒಂದು ಮಾತಿತ್ತು. ಗಾರೆಯವನು ಕಾದ. ಸ್ವಲ್ಪ ಹೊತ್ತಿಗೆ ಆ ಬದಿಯಲ್ಲಿ ಗೋಡೆಗೆ ಬೆನ್ನು ತಾಗಿದ ಸದ್ದಾಯಿತು. ತಮ್ಮ ನೆಲಕ್ಕೆ ಕೂತಿದ್ದ. ಕಂಡಿಯಲ್ಲಿ ಚಾಚಿದ ಕಾಲು ಈಗ ಮೊಣಕಾಲಿನವರೆಗೆ ಕಾಣಿಸಿತು. ಗಾರೆಯವನೂ ಈ ಬದಿಯಲ್ಲಿ ಬೆನ್ನು ಕೊಟ್ಟು ಕೂತ.

ಯಾರೂ ಏಳಲಿಲ್ಲ. ಆ ದಿನ ಸಿಮೆಂಟು ಮತ್ತೆ ಕಲ್ಲಾಗಿರಬೇಕು.