ಕೋಟಿನ ಮೇಲಿನ ಚಪ್ಪಲಿ

"ರಾಮವ್ವಾ! ಎಲ್ಲಿ ಸತ್ತಾಳ ನಿನ್ನ ಡಾಕ್ಟರ್ ಬಾಯಿ?"

ಹೊರಗೆ ಮೋಟಾರ್‌ಸೈಕಲ್ ನಿಂತ ಸದ್ದಾಯಿತು. ರಾಮವ್ವನ ಅಂಗೈ ಅರ್ಧ ಬಡಿದ ರೊಟ್ಟಿಯ ಮೇಲೆಯೇ ನಿಂತಿತು. ಹಂಚಿನ ಮೇಲೆ ಇನ್ನೊಂದು ರೊಟ್ಟಿ ಉಬ್ಬುತ್ತಿತ್ತು. ಒಲೆಯ ಆಚೆ, ಗೋಡೆಯ ಕಡೆ ಮುಖ ಮಾಡಿ ಮಗಳು ವಿದ್ಯಾಶ್ರೀ ಮಲಗಿದ್ದಳು. ರಾತ್ರಿ ಡ್ಯೂಟಿ ಮುಗಿಸಿ ಆಗಷ್ಟೇ ಬಂದವಳು, ಕೋಟನ್ನೂ ಬಿಚ್ಚದೆ ಹಾಗೇ ಒರಗಿದ್ದಳು. ಬಾಗಿಲ ಬಳಿ ಅವಳ ಚಪ್ಪಲಿ ಬಿದ್ದಿದ್ದವು. ಒಂದರ ಉಂಗುಟ ಕಿತ್ತು, ಅದಕ್ಕೊಂದು ಪಿನ್ನು ಚುಚ್ಚಿದ್ದಳು.

"ಸಣ್ಣ ದನಿ ತಗಿಯೋ ಮೈಲಾರಪ್ಪ. ಈಗಷ್ಟ ಮಲಗೇತಿ ಕೂಸು."

"ಕೂಸಂತ ಕೂಸು! ಲಗ್ನ ಆಗಿದ್ರ ಮೂರು ಹಡೀತಿತ್ತು." ಸಾವಕಾರರ ಆಳು ಮೈಲಾರಪ್ಪ ಹೊಸ್ತಿಲಿನ ಆಚೆಗೇ ನಿಂತಿದ್ದ. ಈ ಕೇರಿಯ ಯಾರ ಮನೆಯ ಒಳಗೂ ಅವನು ಕಾಲಿಟ್ಟವನಲ್ಲ. "ಯುಗಾದಿ ದಿನ ಹೊತ್ತೇರೋತನಕ ಮಲಗೂ ಹಲ್ಕಟ್ ಮಂದಿನ ನಾ ಎಲ್ಲೂ ಕಂಡಿಲ್ಲ. ಸಾವಕಾರ್ರು ಬಂದಾರ, ಗುರುಸಿದ್ದವ್ವಾರು ಬಂದಾರ, ಶಾಂಭವಿ ಅಕ್ಕಾರು ನಿನ್ನೆನ ಬಂದಾರ. ಇವತ್ತ ಹೊಸಾ ಬೋರ್ಡ್ ಏರಸೋದೈತಿ. ನೀ ಬಂದು ದವಾಖಾನಿ ತೊಳಿ, ಆಕಿ ಬಂದು ಪೇಷಂಟ್ ನೋಡ್ಲಿ."

"ರಾತ್ರೆಲ್ಲಾ ನೋಡೇ ಬಂದಾಳಲ್ಲೋ."

"ಅದನ್ನ ನನಗ್ಯಾಕ ಹೇಳ್ತಿ? ಬಾಯಿದ್ರ ಸಾವಕಾರ್ರ ಮುಂದ ಹೇಳು."

ಗಾಡಿ ಹೋಯಿತು. ಸುಟ್ಟ ವಾಸನೆ ಬಂದ ಮೇಲೆಯೇ ರಾಮವ್ವನಿಗೆ ಹಂಚಿನ ನೆನಪಾದದ್ದು. ಕರಕಾದ ರೊಟ್ಟಿಯನ್ನು ಒಲೆಯ ಮಗ್ಗುಲಿಗೆ ಎತ್ತಿಟ್ಟಳು. "ನಿನ್ನ ಬಾಯಾಗ ಮಣ್ಣ ಹಾಕ್ಲಿ," ಎಂದಳು, ರೊಟ್ಟಿಗೆ ಹೇಳಿದಳೋ ಮೈಲಾರಪ್ಪನಿಗೋ. ಸೆರಗಿಗೆ ಕೈ ಒರೆಸಿಕೊಂಡು ಮಗಳ ಹತ್ತಿರ ಕುಳಿತಳು.

"ಯವ್ವಾ, ಏಳವ್ವ."

ಹಣೆ ಸವರಲು ಬಂದ ಅವ್ವನ ಕೈಯನ್ನು ವಿದ್ಯಾ ಕಣ್ಣು ತೆರೆಯದೆಯೇ ಹಿಡಿದಳು. ಬೆರಳುಗಳು ತಾವಾಗಿಯೇ ಮಣಿಕಟ್ಟಿಗೆ ಸರಿದು ನಾಡಿ ಹುಡುಕಿದವು. "ಬಿ.ಪಿ. ನೋಡ್ರಿ ಸಿಸ್ಟರ್," ಎಂದು ಗೊಣಗಿದಳು. ರಾಮವ್ವ ಕೈ ಬಿಡಿಸಿಕೊಳ್ಳಲಿಲ್ಲ. ಇನ್ನಷ್ಟು ಹೊತ್ತು ನೋಡಲಿ, ಅಷ್ಟು ಹೊತ್ತಾದರೂ ಮಲಗಲಿ ಎಂದು ಸುಮ್ಮನೆ ಕುಳಿತಳು.

ರಾಮವ್ವನಿಗೆ ಸಾವಕಾರರ ಮಗಳು ಶಾಂಭವಿಯ ಮೇಲಿನ ಹೊಟ್ಟೆಕಿಚ್ಚು ನಿನ್ನೆ ಮೊನ್ನೆಯದಲ್ಲ. ಹಿರೇವಡ್ಡಟ್ಟಿಯಲ್ಲಿ ಹುಚ್ಚೀರಪ್ಪ ಸಾವಕಾರರ ವಾಡೆಯ ಕಸ ಹೊಡೆಯುತ್ತಿದ್ದ ಕಾಲದಲ್ಲೇ ಹುಟ್ಟಿದ್ದು. ಎರಡೂ ಹೆಣ್ಣುಮಕ್ಕಳು ಒಂದೇ ಮಳೆಗಾಲದಲ್ಲಿ ಹುಟ್ಟಿದವು. ಶಾಂಭವಿ ಇನ್ನೂ ಅಂಬೆಗಾಲಿಡುತ್ತಿದ್ದಾಗ ವಿದ್ಯಾ ನಡೆದಳು. ಅವತ್ತು ರಾಮವ್ವ ವಾಡೆಯ ಅಂಗಳವನ್ನು ಬೇಕೆಂದೇ ಎರಡು ಸಲ ಗುಡಿಸಿದ್ದಳು, ಮಗಳು ಪೊರಕೆಯ ಹಿಂದೆ ತಟತಟ ನಡೆಯುವುದು ಸಾವಕಾರರ ಹೆಂಡತಿ ಗುರುಸಿದ್ದವ್ವನ ಕಣ್ಣಿಗೆ ಬೀಳಲಿ ಎಂದು. ಶಾಂಭವಿಗೆ ಜ್ವರ ಬಂದರೆ ಹೊಟ್ಟೆಯೊಳಗೆ ತಣ್ಣಗೇನೋ ಇಳಿದಂತಾಗುತ್ತಿತ್ತು. ಮರುಗಳಿಗೆ ತನ್ನ ಮೇಲೆ ತನಗೇ ಹೇಸಿಗೆಯಾಗಿ, ಆ ಕೂಸಿನ ಲಾಡಿ ಚಡ್ಡಿಗಳನ್ನು ಇನ್ನಷ್ಟು ತಿಕ್ಕಿ ಒಗೆಯುತ್ತಿದ್ದಳು.

ಶಾಂಭವಿಗೆ ಹೊಸ ಲಂಗ, ಹೊಸ ಸೈಕಲ್, ಕಾಲಲ್ಲಿ ಲೈಟು ಹತ್ತುವ ಬೂಟು ಬರುತ್ತಿದ್ದವು. ವಿದ್ಯಾ ಕಟ್ಟೆಯ ಕೆಳಗೆ ನಿಂತು ನೋಡುತ್ತಿದ್ದಳು. ನೋಡುತ್ತ ನೋಡುತ್ತ ಅವಳ ತುಟಿ ಒಂದಿಷ್ಟು ತೆರೆಯುತ್ತಿತ್ತು. ಏನು ಕೇಳಲಿಕ್ಕಿದ್ದಾಳೆ ಎಂದು ರಾಮವ್ವನಿಗೆ ಗೊತ್ತು. ಕೇಳುವ ಮೊದಲೇ ತೊಡೆಗೆ ಚಿವುಟುತ್ತಿದ್ದಳು. ತುಟಿ ಮುಚ್ಚಿಕೊಳ್ಳುತ್ತಿತ್ತು. ಎಷ್ಟು ಚಿವುಟಿದ್ದಳೆಂದರೆ, ಬರಬರುತ್ತ ಅವ್ವ ಹತ್ತಿರ ಬಂದು ನಿಂತರೆ ಸಾಕು, ತುಟಿ ತಾನೇ ಮುಚ್ಚುತ್ತಿತ್ತು.

ಕೇಳುವುದನ್ನು ಬಿಟ್ಟ ಮಗಳು ಓದಿದಳು. ಮಾರ್ಕಿನಲ್ಲಿ ಶಾಂಭವಿಯನ್ನು ಎಲ್ಲೋ ಹಿಂದೆ ಬಿಟ್ಟಳು. ಆದರೆ ಕೋಚಿಂಗಿಲ್ಲದೆ ಬಂದ ರ‍್ಯಾಂಕಿಗೆ ದೊಡ್ಡ ಊರಿನ ದೊಡ್ಡ ಕಾಲೇಜು ಸಿಗಲಿಲ್ಲ. ಬಯಲಿನ ನಡುವೆ ಹೊಸದಾಗಿ ಎದ್ದಿದ್ದ, ಯಾರೂ ಹೆಸರು ಕೇಳದ ಕಾಲೇಜೊಂದರಲ್ಲಿ ಸೀಟು ಸಿಕ್ಕಿತು. ಸಿಕ್ಕಿದ್ದೇ ಪುಣ್ಯವೆಂದು ಟ್ರಂಕು ಹೊತ್ತು ಹೋದರೆ, ಅವಳ ಬೆಂಚಿನಲ್ಲೇ ಶಾಂಭವಿ ಕುಳಿತಿದ್ದಳು. ಅಪ್ಪ ಅವಳಿಗೆ ಅದೇ ಕಾಲೇಜಿನಲ್ಲಿ ಸೀಟು ಕೊಂಡಿದ್ದರು.

"ಒಂದ ಬೆಂಚ್ ಅಂತ ಯವ್ವಾ," ಎಂದು ರಾಮವ್ವ ಕೇರಿಯಲ್ಲೆಲ್ಲ ಹೇಳಿಕೊಂಡು ತಿರುಗಿದ್ದಳು. "ಒಂದ ಬೆಂಚು, ಒಂದ ಕೋಟು."

ಒಮ್ಮೆ ಮಗಳಿಗೆ ಶೇಂಗಾ ಚಟ್ನಿ, ಕಟಕ್ ರೊಟ್ಟಿ ಕಟ್ಟಿಕೊಂಡು ನೋಡಲು ಹೋಗಿದ್ದಳು. ಗೇಟಿನಲ್ಲೇ ಒಬ್ಬ ಹಿಡಿದು, "ಬಾ ಅಜ್ಜಿ, ಜಲ್ದಿ ಬಾ" ಎಂದು ಎಳೆದೊಯ್ದು ವಾರ್ಡಿನ ಮಂಚದ ಮೇಲೆ ಮಲಗಿಸಿದ. ದಿಲ್ಲಿಯಿಂದ ಸಾಹೇಬರು ಕಾಲೇಜು ನೋಡಲು ಬರುವವರಿದ್ದರು. ಕಾಲೇಜಿನಲ್ಲಿ ಮಂಚಗಳಿದ್ದವು, ರೋಗಿಗಳಿರಲಿಲ್ಲ. ಸುತ್ತಲಿನ ಹಳ್ಳಿಗಳಿಂದ ಟ್ರ್ಯಾಕ್ಟರಿನಲ್ಲಿ ಮಂದಿ ತುಂಬಿಕೊಂಡು ಬಂದಿದ್ದರು. "ಏನ್ ಬ್ಯಾನಿ ಅಂತ ಕೇಳಿದ್ರ ಹೊಟ್ಟಿ ಅನ್ನು" ಎಂದು ಹೇಳಿಕೊಟ್ಟು ಹೋದ. ಸಾಹೇಬರ ಹಿಂದೆ ವಿದ್ಯಾರ್ಥಿಗಳು ಬಂದರು. ಅವರೊಳಗೆ ವಿದ್ಯಾ ಇದ್ದಳು. ಮಂಚದ ಮೇಲಿನ ಅವ್ವನನ್ನು ನೋಡಿ ತುಟಿ ತೆರೆದಳು, ಮುಚ್ಚಿದಳು. "ಹೊಟ್ಟಿ ಬ್ಯಾನಿರಿ," ಎಂದಳು ರಾಮವ್ವ. ಅದೇ ದಿನ ಗುರುಸಿದ್ದವ್ವನೂ ಮಗಳನ್ನು ನೋಡಲು ಬಂದಿದ್ದಳು. ಅವಳು ಕಾಲೇಜಿನ ದೊಡ್ಡ ಸಾಹೇಬರ ಕೋಣೆಯಲ್ಲಿ ಚಹಾ ಕುಡಿದಳಂತೆ. ಆ ಚಹಾದ ಮಾತನ್ನು ರಾಮವ್ವ ಇವತ್ತಿಗೂ ಮರೆತಿರಲಿಲ್ಲ.

ಸರಕಾರದ ಸ್ಕಾಲರ್‌ಶಿಪ್ ಬರಬೇಕಾದ ಹೊತ್ತಿಗೆ ಬರಲಿಲ್ಲ. ರಾಮವ್ವನ ಗಂಡ ಕನಕರಾಜ ತೀರಿಹೋಗಿದ್ದ. ಫೀ ಕಟ್ಟದೆ ಕೊನೆಯ ಪರೀಕ್ಷೆಗೆ ಕೂರಿಸುವುದಿಲ್ಲ ಎಂದರು. ಆಗ ಕಟ್ಟಿದ್ದು ಹುಚ್ಚೀರಪ್ಪ ಸಾವಕಾರರು. "ನಮ್ಮ ಊರ ಹುಡುಗಿ, ನಡುನೀರಾಗ ಬಿಡಾಕ ಬರತೈತೇನು?" ಎಂದಿದ್ದರು. ಕಟ್ಟಿದವರೇ ಕಾಲೇಜಿನಿಂದ ಅವಳ ಮೂಲ ಕಾಗದಪತ್ರಗಳನ್ನೂ ತಂದು ತಮ್ಮ ತಿಜೋರಿಯಲ್ಲಿಟ್ಟರು. ಸಾಲ ತೀರುವ ತನಕ ಮುಂಡರಗಿಯಲ್ಲಿ ತಾವು ಕಟ್ಟಿಸಿದ ದವಾಖಾನೆಯಲ್ಲಿ ದುಡಿಯಲಿ ಎಂದರು.

ವಿದ್ಯಾ ಬೇರೆ ಕಡೆ ಕೇಳದೆ ಇರಲಿಲ್ಲ. ಗದಗಿನಲ್ಲಿ, ಲಕ್ಷ್ಮೇಶ್ವರದಲ್ಲಿ ಕೇಳಿದಳು. ಯಾವ ಕಾಲೇಜು ಎಂದು ಕೇಳಿ ನಕ್ಕು ನೀರು ಕೊಟ್ಟು ಕಳಿಸಿದರು. ಶಿರಹಟ್ಟಿ ಕಡೆ ಸರಕಾರದ ಕೆಲಸವೊಂದಿತ್ತು. ಅಲ್ಲಿ ಕಾಲೇಜು ಕೇಳಲಿಲ್ಲ, ಮೂಲ ಕಾಗದ ಕೇಳಿದರು. "ನೋಡೋಣು, ಮುಂದಿನ ವಾರ ಕೊಡತೀನಿ," ಎಂದಿದ್ದ ಸಾವಕಾರರು ಕೊಡಲೇ ಇಲ್ಲ. ಅದೇ ಕಾಲೇಜಿನ ಶಾಂಭವಿಗೆ ಮಾತ್ರ ಯಾರೂ ಕಾಲೇಜಿನ ಹೆಸರು ಕೇಳಲಿಲ್ಲ. ಮಂಗಳೂರು ಕಡೆ ಎಂ.ಡಿ. ಸೀಟು ಕೊಂಡು ಓದುತ್ತಿದ್ದಳು.

ಅವ್ವ, ಮಗಳು ಹೋಗುವ ಹೊತ್ತಿಗೆ ದವಾಖಾನೆಯ ಮುಂದೆ ಶಾಮಿಯಾನ ಎದ್ದಿತ್ತು. ಬಾಗಿಲಿಗೆ ಮಾವಿನ ತೋರಣ. ರಾಮವ್ವ ಮೆಟ್ಟಿಲು ತಿಕ್ಕುತ್ತಿದ್ದಳು. ಗುರುಸಿದ್ದವ್ವ ಇಳಕಲ್ ಸೀರೆಯ ನಿರಿಗೆ ಎತ್ತಿ ಹಿಡಿದು, ಒದ್ದೆಯಾಗದ ಜಾಗ ನೋಡಿ ನಿಂತಳು.

"ಆ ಮೂಲಿ ಬಿಟ್ಟಿ ನೋಡ ರಾಮವ್ವ. ಡಾಕ್ಟರ್ ಅವ್ವ ಆದಮ್ಯಾಲೆ ಸೊಂಟಾ ಬಾಗವಲ್ದು ಕಾಣ್ತೈತಿ."

ಸುತ್ತಲಿದ್ದವರು ನಕ್ಕರು. ರಾಮವ್ವನೂ ನಕ್ಕಳು. ಬಕೀಟಿನೊಳಗೆ ಬಗ್ಗಿ, ನೀರಿಗಷ್ಟೇ ಕೇಳುವಂತೆ ಅಂದಳು: "ನೀವೂ ಡಾಕ್ಟರ್ ಅವ್ವನ ಅಲ್ರಿ? ನಿಮ್ಮದ್ಯಾವಾಗ ಬಾಗತೈತ್ರಿ?"

ಅಷ್ಟರಲ್ಲಿ ಡಂಬಳದಿಂದ ಒಬ್ಬ ಮುದುಕಿಯನ್ನು ಅವಳ ಮಗ ಟಂಟಂ ಗಾಡಿಯಲ್ಲಿ ತಂದ. ಎದೆ ಬಿಗಿಯುತ್ತಿತ್ತು, ಬೆವರು ಹರಿಯುತ್ತಿತ್ತು. ಒಳಗೆ ವಿದ್ಯಾ ಎದ್ದು ಬಂದು ಕೈ ಚಾಚಿದಳು. ಮುದುಕಿ ಆ ಸಂಕಟದಲ್ಲೂ ಕೈ ಹಿಂದಕ್ಕೆಳೆದುಕೊಂಡಳು.

"ನೀ ಆ ಕಸದ ರಾಮವ್ವನ ಮಗಳಲ್ಲ? ಹಬ್ಬದ ದಿನ ಮೈಲಿಗಿ ಮಾಡಬ್ಯಾಡವ್ವ. ಸಾವಕಾರ್ರ ಮಗಳು ಬಂದಾಳಂತ, ಆಕೀನ ಕರಿ."

"ಅಜ್ಜಿ, ಹೊತ್ತು ಮಾಡಬ್ಯಾಡ್ರಿ. ಇದು ಹಾರ್ಟಿಂದ ಕಾಣ್ತೈತಿ. ಇಲ್ಲಿ ಆಗೂದಿಲ್ಲ, ಗದಗಿಗೆ ಹೋಗಬೇಕು," ಎಂದಳು ವಿದ್ಯಾ.

"ಈಕಿಗೆ ಏನೂ ಬರೂದಿಲ್ಲ, ಅದಕ್ಕ ಗದಗ ಅಂತಾಳ," ಎಂದ ಮಗ.

ಶಾಂಭವಿ ರೇಷ್ಮೆ ಸೀರೆಯಲ್ಲೇ ಬಂದಳು. ಮುದುಕಿಯನ್ನು ನೋಡಿದಳು, ವಿದ್ಯಾಳ ಮುಖ ನೋಡಿದಳು, ಮೂಲೆಗೆ ಹೋಗಿ ಮಂಗಳೂರಿನ ತನ್ನ ದೊಡ್ಡ ಡಾಕ್ಟರಿಗೆ ಫೋನು ಹಚ್ಚಿದಳು. ಬಂದು ಹೇಳಿದಳು: "ಗದಗಿಗೆ ಕರಕೊಂಡ ಹೋಗ್ರಿ. ಜಲ್ದಿ."

ಮುದುಕಿ ಎರಡೂ ಕೈ ಎತ್ತಿ ಮುಗಿದಳು. "ದೇವರು ಬಂದಂಗ ಬಂದಿ ನಮ್ಮವ್ವ."

ಬಾಗಿಲ ಬಳಿ ಒರೆಸುವ ಬಟ್ಟೆ ಹಿಡಿದು ನಿಂತಿದ್ದ ರಾಮವ್ವ ಎಲ್ಲ ನೋಡಿದಳು. ಇಬ್ಬರೂ ಹೇಳಿದ್ದು ಒಂದೇ ಮಾತು. ನೀರು ಸೋರಿ ಹೋಗುವಷ್ಟು ಬಟ್ಟೆಯನ್ನು ಹಿಂಡಿದಳು, ಸೋರಿ ಮುಗಿದ ಮೇಲೂ ಹಿಂಡಿದಳು.

ವಿದ್ಯಾ ಹತ್ತಿರ ಬಂದು ಮೆಲ್ಲಗೆ ಕೇಳಿದಳು, "ರೊಟ್ಟಿ ತಿಂದಿ ಯವ್ವಾ?"

"ನೀ ತಿಂದೇನು?"

"ಹೂಂ," ಎಂದಳು. ತಿಂದಿರಲಿಲ್ಲ.

ಹೊತ್ತು ನೆತ್ತಿಗೆ ಬರುವ ಮೊದಲು ಬೋರ್ಡು ಏರಿತು. ಹುಚ್ಚೀರಪ್ಪ ಸಾವಕಾರರು ಹಗ್ಗ ಎಳೆದಾಗ ಮೇಲಿನ ಬಟ್ಟೆ ಜಾರಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ರಾಮವ್ವ ರಾತ್ರಿಶಾಲೆಯಲ್ಲಿ ಕಲಿತ ಅಕ್ಷರಗಳನ್ನು ಒಂದೊಂದಾಗಿ ಕೂಡಿಸಿ ಓದಿದಳು. ಮಗಳ ಹೆಸರಿನ 'ವಿ' ಹುಡುಕಿದಳು. ಸಿಕ್ಕಿತು. ಅದು 'ಡಾ. ಶಾಂಭವಿ'ಯ ಕೊನೆಗಿತ್ತು. ದಿನಾ ರಾತ್ರಿ ಈ ದವಾಖಾನೆಯಲ್ಲಿ ಎಚ್ಚರವಿರುವವಳ ಹೆಸರು ಆ ಬೋರ್ಡಿನ ಯಾವ ಮೂಲೆಯಲ್ಲೂ ಇರಲಿಲ್ಲ.

"ಇನ್ನ ಆಳುಗಳನ್ನ ಕರೀರಿ," ಎಂದರು ಸಾವಕಾರರು ಕುರ್ಚಿಯಲ್ಲಿ ಕುಳಿತು. "ವರ್ಷ ತಿರಗತೈತಿ ಇವತ್ತ."

ರಾಮವ್ವ ಕೈಯೊಳಗಿನ ಬಟ್ಟೆಯನ್ನು ಬಕೀಟಿಗೆ ಹಾಕಿದಳು. ಯುಗಾದಿ ಪಾಡ್ಯಕ್ಕೆ ಆಳುಗಳ ವರ್ಷ ತಿರುಗುತ್ತದೆ. ಅವತ್ತು ಸಾವಕಾರರು ಕೈಯೆತ್ತಿ ಕಂಬಳಿ ಕೊಡುತ್ತಾರೆ, ಅದರ ಮೇಲೆ ಜೋಡು ಚಪ್ಪಲಿ. ತೆಗೆದುಕೊಂಡವನು ಇನ್ನೊಂದು ವರ್ಷ ಅವರ ಆಳು. ತೆಗೆದುಕೊಳ್ಳದಿದ್ದರೆ ಹೊತ್ತು ಮುಳುಗುವುದರೊಳಗೆ ಸಾಲ ತೀರಿಸಿ ಹೋಗಬೇಕು. ರಾಮವ್ವನ ಅಪ್ಪ ಈ ಹುಚ್ಚೀರಪ್ಪನವರ ತಂದೆಯ ಕೈಯಿಂದ ಕಂಬಳಿ ತೆಗೆದುಕೊಳ್ಳುತ್ತಲೇ ಮುದುಕನಾದ. ಸತ್ತಾಗ ಮೇಲೆ ಹೊದಿಸಿದ್ದೂ ಆ ವರ್ಷದ್ದೇ, ಇನ್ನೂ ಕುರಿಯ ವಾಸನೆ ಹೋಗದ ಕಂಬಳಿ. ಇದನ್ನೆಲ್ಲ ಅವಳು ವಿದ್ಯಾಳಿಗೆ ಎಂದೂ ಹೇಳಿರಲಿಲ್ಲ. ಓದುವ ಕೂಸಿಗೆ ಯಾಕೆ ಎಂದು.

ಮೈಲಾರಪ್ಪ ತಗೊಂಡ. ದನದ ಮನೆಯ ಮಲ್ಲು ಬಿಳಿಗೂದಲಿನ ತಲೆ ಬಾಗಿಸಿ ಬೊಗಸೆಯೊಡ್ಡಿದ. ಕಂಬಳಿ, ಅದರ ಮೇಲೆ ಕರಿಯ ಪಟ್ಟಿಯ ಚಪ್ಪಲಿ, ಮೇಲಿನಿಂದ ಬಿದ್ದವು. ಸಾವಕಾರರ ಕೈ ಅವನ ಕೈಗೆ ತಾಗಲಿಲ್ಲ.

"ಈ ವರ್ಷರ ಎಮ್ಮಿ ಹಾಲ ಕದ್ದ ಕುಡೀಬ್ಯಾಡಲೇ ಭಾಡ್ಯಾ."

"ಇಲ್ರಿ ಯಪ್ಪಾ," ಎಂದು ಮಲ್ಲು ಹಲ್ಲು ಕಿಸಿದ. ಎಲ್ಲರೂ ನಕ್ಕರು.

"ಎಲ್ಲಿ ನಮ್ಮ ಡಾಕ್ಟರ್ ಬಾಯಿ? ಬಾರವ್ವ ವಿದ್ಯಾ. ನೀನೂ ನಮ್ಮನಿ ಮಗಳ."

ವಿದ್ಯಾ ಮುಂದೆ ಬಂದಳು. ನಿದ್ದೆಗೆಟ್ಟ ಕಣ್ಣು, ಮುದುಡಿದ ಕೋಟು, ಪಿನ್ನು ಚುಚ್ಚಿದ ಚಪ್ಪಲಿ. ಗುರುಸಿದ್ದವ್ವ ಹರಿವಾಣವನ್ನು ಗಂಡನ ಕೈಗೆ ಕೊಟ್ಟಳು. ಅದರಲ್ಲಿ ಮಡಚಿಟ್ಟ ಹೊಸ ಬಿಳಿ ಕೋಟಿತ್ತು. ಕೋಟಿನ ಮೇಲೆ ಜೋಡು ಚಪ್ಪಲಿ. ಕರಿಯ ಪಟ್ಟಿ, ಮಲ್ಲುಗೆ ಕೊಟ್ಟಂಥವೇ.

"ಕೋಟ್ ಹಳೀದಾಗೇತಿ ಅಂತ ನಮ್ಮಾಕಿ ನೋಡ್ಯಾಳ," ಎಂದರು ಸಾವಕಾರರು. "ಚಪ್ಪಲ್ಲೂ ಹರದಾವಂತ. ತಗೋ. ಈ ವರ್ಷನೂ ಚೊಲೊ ದುಡಿ."

ಶಾಂಭವಿ ಅಪ್ಪನ ಕುರ್ಚಿಯ ಹಿಂದೆ ನಿಂತು ನಗುತ್ತ ಫೋನು ಹಿಡಿದಿದ್ದಳು. "ವಿದ್ಯಾ, ಇಲ್ಲಿ ನೋಡ, ಸ್ಮೈಲ್ ಮಾಡ," ಎಂದಳು. ಅವಳ ದನಿಯಲ್ಲಿ ಕೆಟ್ಟದ್ದೇನೂ ಇರಲಿಲ್ಲ.

ವಿದ್ಯಾ ಕೈ ಚಾಚಲು ಹೋದವಳು ತಡೆದು ನಿಂತಳು. ಮಲ್ಲು ಎದೆಗವಚಿ ಹಿಡಿದಿದ್ದ ಚಪ್ಪಲಿಗಳನ್ನು ನೋಡಿದಳು. ಕೋಟಿನ ಮೇಲಿನವನ್ನು ನೋಡಿದಳು. ಆಮೇಲೆ ಶಾಂಭವಿಯ ಕಾಲು ನೋಡಿದಳು.

ತುಟಿ ಒಂದಿಷ್ಟು ತೆರೆಯಿತು.

ರಾಮವ್ವನಿಗೆ ಗೊತ್ತಾಯಿತು. ಯಾವಾಗ ಹತ್ತಿರ ಬಂದಳೋ, ಮಗಳ ಪಕ್ಕದಲ್ಲೇ ನಿಂತಿದ್ದಳು. ಎರಡು ಬೆರಳು ತಾವಾಗಿಯೇ ಮುಂದೆ ಸರಿದು ಮಗಳ ತೊಡೆಯ ಹತ್ತಿರ ಕೋಟಿನ ಅಂಚು ಹಿಡಿದವು. ತಿಜೋರಿ ನೆನಪಾಯಿತು, ಶಿರಹಟ್ಟಿಯ ಕೆಲಸ ನೆನಪಾಯಿತು, ಹೊತ್ತು ಮುಳುಗುವುದು ನೆನಪಾಯಿತು.

ವಿದ್ಯಾ ಅವ್ವನ ಕಡೆ ನೋಡಿದಳು. ಕಾಯುತ್ತಿದ್ದಳು.

ರಾಮವ್ವ ಬೆರಳು ಬಿಟ್ಟಳು.

"ಸಾವಕಾರ್ರ," ಎಂದಳು ವಿದ್ಯಾ, ಶಾಮಿಯಾನದ ಕೊನೆಯಲ್ಲಿ ನಿಂತವರಿಗೂ ಕೇಳುವಂತೆ, "ಶಾಂಭವಿಗೂ ಚಪ್ಪಲ್ ಕೊಟ್ರೇನ್ರಿ?"